ಬಳೆ ಅಂದರೆ ಬೈಗುಳವೇ?

ಹದಿನೈದು ದಿನದ ಹಿಂದೆ ಇದೇ ಅಂಕಣದ ಕೊನೆಯಲ್ಲಿ ಜಾಗ ಮಿಕ್ಕಿತ್ತೆಂದು ನಾಲ್ಕು ಸಾಲು ಗೀಚಿದ್ದೆ. ಕೆಲವು ಓದುಗರಿಗಾದರೂ ನೆನಪಿರಬಹುದು. ತುಮಕೂರು ಬಸ್ ಸ್ಟಾಂಡಿನಲ್ಲಿ ಕಣ್ಣಿಗೆ ಕಾಡಿಗೆ, ಕಿವಿಗೆ ಓಲೆ, ಕೈಗೆ ಬಳೆ, ಹೆಗಲ ಮೇಲೆ ದುಪಟ್ಟಾ ಹಾಕಿಕೊಂಡ ಗಡ್ಡದ ಹುಡುಗನೊಬ್ಬ ಕಂಡ. ಪ್ರತಿಭಟನೆಯಲ್ಲಿ ಅಧಿಕಾರಿಗಳಿಗೆ ಕೊಡೋಕೆ ತಂದ ಬಳೆ ಮಿಕ್ಕಿ ಇವನ ಪಾಲಿಗೆ ಬಂದಿರಬೇಕು ಎಂದು ಚಟಾಕಿ ಹಾರಿಸಿದ್ದೆ. ಮಾರನೇ ದಿನ ಹೋಟೆಲಿನಲ್ಲಿ ನಾಲ್ಕು ಜನ 'ಚೆನ್ನಾಗಿ ಕೊಟ್ರಿ ಸಾರ್' ಅಂದರು. ನಾನೂ ಹಿಗ್ಗಿದೆ. ಕಾಫಿ ದುಡ್ಡನ್ನೂ ಅವರೇ ಕೊಟ್ಟರು.

ಹೋದ ಸೋಮವಾರ ಒಬ್ಬರು ನಮ್ಮ ಕಛೇರಿಯ ಮೆಟ್ಟಿಲು ಹತ್ತಿ ಬಂದರು. ಐವತ್ತು ದಾಟಿದ ವಯಸ್ಸು, ಬೆರಳ ಸಂದಿಯಲ್ಲಿ ಗ್ರೀಸಿನ ಕಪ್ಪು. ಸೈಕಲ್ ಷಾಪಿನವರು. ಷರ್ಟಿನ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ನಮ್ಮ ಪತ್ರಿಕೆ ತೆಗೆದು ಮೇಜಿನ ಮೇಲಿಟ್ಟು, 'ಇದು ಬರ್ದೋರು ಯಾರು ಸ್ವಾಮಿ?' ಅಂದರು. ನಾನೇ ಅಂದೆ. ಜಗಳಕ್ಕೆ ಬಂದಿದ್ದಾರೆ ಅಂದುಕೊಂಡು ನಾನೂ ಸಿದ್ಧವಾಗಿಯೇ ಕೂತೆ. ಅವರು ಜಗಳಾಡಲಿಲ್ಲ.

'ಇವ್ನು ನನ್ ಮಗ ಸ್ವಾಮಿ. ನೀವು ಹೆಸ್ರು ಹಾಕಿಲ್ಲ, ಒಪ್ತೀನಿ. ಆದ್ರೆ ನಮ್ಮೂರಲ್ಲಿ ಹಂಗೆ ಓಡಾಡೋ ಹುಡುಗ್ರು ಎಷ್ಟು ಜನ ಇದಾರೆ? ಪಂಕ್ಚರ್ ಹಾಕ್ಸೋಕೆ ಬರೋರೆಲ್ಲ ಪೇಪರ್ ತೋರಿಸ್ಕೊಂಡು ನಗ್ತಾರೆ. ಅವ್ನು ಹಂಗಿರೋದು ನಂಗೂ ಇಷ್ಟ ಇಲ್ಲ. ಬೈದಿದೀನಿ, ಒಂದ್ಸಲ ಹೊಡ್ದೂ ಇದೀನಿ. ಆದ್ರೆ ಅವ್ನು ಯಾರ ಮನೆ ಕದ್ದ ಅಂತ ಸ್ವಾಮಿ, ನೀವು ಪೇಪರ್ನಲ್ಲಿ ಹಾಕಿದ್ದು?'

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಅದಕ್ಕೇ ಈ ವಾರದ ಅಂಕಣ.

ಹುಡುಗ ಡಿಗ್ರಿ ಕೊನೇ ವರ್ಷದಲ್ಲಿದ್ದಾನೆ. ಕಾಲೇಜಿನ ಹೆಸರು ಬೇಡ. ಅಲ್ಲಿ ಗೇಟಿನಲ್ಲೇ ತಡೆದು 'ಮುಖ ತೊಳ್ಕೊಂಡು ಬಾ' ಎಂದು ಎರಡು ಸಲ ವಾಪಸ್ಸು ಕಳಿಸಿದ್ದಾರೆ. ಜೊತೆಯಲ್ಲಿ ಓದುವವರೇ ಮೊಬೈಲಿನಲ್ಲಿ ವೀಡಿಯೋ ತೆಗೆದು, ಅದಕ್ಕೊಂದು ಹಾಡು ಅಂಟಿಸಿ ಊರಿಗೆಲ್ಲ ಹಂಚಿದ್ದಾರೆ. ಅಷ್ಟಾದರೂ ಹುಡುಗ ಹೋಗುತ್ತಿದ್ದ. ನಮ್ಮ ನಾಲ್ಕು ಸಾಲು ಅಚ್ಚಾದ ಮೇಲೆ ಹೋಗೋದು ಬಿಟ್ಟ. ಪರೀಕ್ಷೆ ಹತ್ತಿರ ಬಂತು. 'ಬೆಂಗ್ಳೂರಿಗೆ ಕಳಿಸ್ಬಿಡೋಣ ಅಂತಿದೀನಿ, ಅಲ್ಲಿ ಯಾರೂ ಯಾರ ಮುಖಾನೂ ನೋಡಲ್ವಂತೆ' ಅಂದರು ಅಪ್ಪ. ಓದಿಗಲ್ಲ, ಕೆಲಸಕ್ಕಲ್ಲ, ಒಂದಿಷ್ಟು ಕಾಡಿಗೆ ಹಚ್ಚಿಕೊಳ್ಳೋಕೆ ನಮ್ಮೂರಿನ ಹುಡುಗ ಎಪ್ಪತ್ತು ಕಿಲೋಮೀಟರ್ ದೂರ ಹೋಗಬೇಕು!

ಮೀಸೆಯ ಪ್ರಶ್ನೆ

ಮರುದಿನ ಸಂಜೆ ಸೈಕಲ್ ಷಾಪಿನ ಹಿಂದಿನ ಕೋಣೆಗೆ ಹೋದೆ. ಹುಡುಗ ಎದ್ದು ನಿಂತು ನಮಸ್ಕಾರ ಮಾಡಿದ. ಬರೆದವನು ನಾನೇ ಅಂತ ಗೊತ್ತಿದ್ದೂ ಕುರ್ಚಿ ಕೊಟ್ಟ.

ಇದೆಲ್ಲ ಶುರುವಾಗಿ ಆರು ತಿಂಗಳಂತೆ. ಮೊದಲು ಕಿವಿ ಚುಚ್ಚಿಸಿದ. ಆಮೇಲೆ ಕಾಡಿಗೆ. ಮೊದಲ ದಿನ ಮಧ್ಯಾಹ್ನಕ್ಕೆಲ್ಲ ಬೆವರಿಗೆ ಕೆನ್ನೆಗಿಳಿದು, ರಾತ್ರಿಯೆಲ್ಲ ಅತ್ತವನ ಹಾಗೆ ಕಾಣುತ್ತಿದ್ದನಂತೆ. ತೆಳ್ಳಗೆ ಎಳೆಯೋದನ್ನು ಅಕ್ಕ ಹೇಳಿಕೊಟ್ಟಳು. ದುಪಟ್ಟಾ ಸೈಕಲ್ ಚಕ್ರಕ್ಕೆ ಸುತ್ತಿಕೊಂಡು ಎರಡು ಸಲ ಬಿದ್ದ. ಈಗ ಸೈಕಲ್ ಹತ್ತುವಾಗ ಅದರ ತುದಿಯನ್ನು ಸೊಂಟಕ್ಕೆ ಗಂಟು ಹಾಕ್ಕೋತಾನೆ. ಬಳೆ ಅಂಗಡಿಯಲ್ಲಿ ಎರಡು-ಎಂಟರ ಅಳತೆ ಕೊಟ್ಟರೆ ಗೆಣ್ಣಿನ ಹತ್ತಿರವೇ ನಿಂತಿತು. ಕೊನೆಗೆ ಎರಡು-ಹತ್ತರದ್ದು ಹುಡುಕಿ, ಸೋಪು ಹಚ್ಚಿ ಏರಿಸಿದರಂತೆ. ಹೊಸದಾಗಿ ಸೀರೆ ಉಡೋದು ಕಲಿಯುವ ಹುಡುಗಿಯರಿಗೂ, ಮೊದಲ ಸಲ ಪಂಚೆ ಉಟ್ಟು ಬೀದಿಗೆ ಬಂದು ಎರಡೂ ಕೈಯಲ್ಲಿ ಹಿಡ್ಕೊಂಡು ನಡೆಯುವ ಮದುಮಗನಿಗೂ ಆಗುವ ಪಾಡೇ ಇದು. ಇದರಲ್ಲಿ ನಗೋದಕ್ಕೆ ಏನೋ ಇದೆ, ಹುಡುಗನೇ ಹೇಳ್ಕೊಂಡು ನಕ್ಕ. ಆದರೆ ಕಲ್ಲು ಹೊಡೆಯೋದಕ್ಕೆ ಏನಿದೆ?

'ಹೆಣ್ಣಾಗ್ಬೇಕು ಅಂತ ಇದೆಯೇನಪ್ಪಾ?' ಎಂದು ಕೇಳಿದೆ.

'ಇಲ್ಲ ಸಾರ್. ಹಾಗಾಗ್ಬೇಕು ಅನ್ನೋರು ಇದಾರೆ, ಅವರ ದಾರಿ ಬೇರೆ, ಅವರ ಕಷ್ಟಾನೂ ದೊಡ್ಡದು. ನಾನು ಹುಡುಗನೇ. ನಂಗೆ ಗಡ್ಡಾನೂ ಬೇಕು, ಕಾಡಿಗೇನೂ ಬೇಕು.'

'ಯಾಕೆ?'

'ನೀವ್ಯಾಕೆ ಸಾರ್ ಮೀಸೆ ಬಿಟ್ಟಿದೀರಿ?'

ನಾನು ಅದೇ ಮೀಸೆಯನ್ನು ತಿರುವಿಕೊಳ್ಳುತ್ತಾ ಕೂತಿದ್ದೆ. ಕೈ ಕೆಳಗಿಳಿಸಿದೆ. ಯಾಕೆ ಬಿಟ್ಟಿದ್ದೇನೆ? ನಮ್ಮಪ್ಪ ಬಿಟ್ಟಿದ್ದರು, ಕನ್ನಡಿಯಲ್ಲಿ ನೋಡಿಕೊಂಡರೆ ಚೆನ್ನಾಗಿದೆ ಅನಿಸುತ್ತೆ, ಅಷ್ಟೆ. ಅವನು ಹೇಳಿದ್ದೂ ಅಷ್ಟೇ: 'ಕನ್ನಡೀಲಿ ನೋಡ್ಕೊಂಡ್ರೆ ಇವ್ನು ನಾನೇ ಅನ್ಸುತ್ತೆ ಸಾರ್. ಮುಂಚೆ ಹಾಗನ್ನಿಸ್ತಿರ್ಲಿಲ್ಲ.'

ಅವನ ಉದ್ದ ಕುರ್ತಾ ಹೊಲಿದುಕೊಟ್ಟ ಚಿಕ್ಕಪೇಟೆಯ ಟೈಲರನ್ನೂ ಮಾತಾಡಿಸಿದೆ. ನಲವತ್ತು ವರ್ಷದಿಂದ ಮಿಷನ್ ತುಳಿದವರು. 'ಗಂಡಸರ ಷರ್ಟಿಗೆ ಗುಂಡಿ ಬಲಕ್ಕೆ, ಹೆಂಗಸರದಕ್ಕೆ ಎಡಕ್ಕೆ. ಯಾವ ಕಡೆ ಇಡ್ಲಪ್ಪಾ ಅಂತ ಕೇಳ್ದೆ. ಯಾವ ಕಡೆಯಾದ್ರೂ ಇಡಿ, ಜೇಬು ಮಾತ್ರ ತಪ್ಪಿಸ್ಬೇಡಿ ಅಂದ' ಎಂದು ನಕ್ಕರು. ಬೇರೆ ಗಿರಾಕಿಗಳು ಏನಾದರೂ ಅಂದರೇ ಅಂತ ಕೇಳಿದೆ. 'ಅಂದ್ರು. ಟೇಪ್‌ನಲ್ಲಿ ಗಂಡು ಹೆಣ್ಣು ಅಂತ ಬರ್ದಿರಲ್ಲ, ಇಂಚು ಅಂತ ಬರ್ದಿರುತ್ತೆ ಅಂದೆ' ಎಂದರು.

ಸಂಸ್ಕೃತಿ ಅಂತೀರಾ? ಬನ್ನಿ

ಇನ್ನು ನಮ್ಮ ಹಿರಿಯರ ಆಕ್ಷೇಪಣೆಗೆ ಬರೋಣ. ಇದು ನಮ್ಮ ಸಂಸ್ಕೃತಿಯಲ್ಲ, ಎಲ್ಲೋ ಸಿನಿಮಾದಿಂದ, ಫಾರಿನ್ನಿನಿಂದ ಬಂದ ರೋಗ ಅನ್ನುವವರು ಬಹಳ ಜನ. ಅವರು ದಯವಿಟ್ಟು ಮನೆಯ ಹಳೇ ಟ್ರಂಕು ತೆಗೆದು ತಾತನ ಫೋಟೋ ನೋಡಬೇಕು. ಕಿವಿಯಲ್ಲಿ ಹತ್ತಕಡಕು, ಕೈಯಲ್ಲಿ ಕಡಗ, ತಲೆಯ ಹಿಂದೆ ಗಂಟು ಹಾಕಿದ ಜುಟ್ಟು, ಸೊಂಟದಲ್ಲಿ ನೆರಿಗೆ ಹಿಡಿದುಟ್ಟ ಪಂಚೆ. ಅದೇ ಹತ್ತಕಡಕನ್ನು ಅಳಿಯನಿಗೆ ಮದುವೆಯಲ್ಲಿ ಮರ್ಯಾದೆಯಾಗಿ ಕೊಡುತ್ತಿದ್ದ ಸೀಮೆ ನಮ್ಮದು. ಮೈಸೂರು ಅರಸರ ಚಿತ್ರಪಟ ಎಷ್ಟು ಮನೆಗಳ ಗೋಡೆ ಮೇಲಿಲ್ಲ? ಕಿವಿಗೂ ಕೊರಳಿಗೂ ಆಭರಣ ಹಾಕಿಕೊಂಡ ಅವರನ್ನು ನೋಡಿ ಯಾರಾದರೂ ಶಿಳ್ಳೆ ಹೊಡೆದಿದ್ದಾರೆಯೇ? ಪ್ಯಾಂಟು, ಕ್ರಾಪು, ಬೋಳು ಕಿವಿ – ಇದನ್ನೇ ಗಂಡಸಿನ ಲಕ್ಷಣ ಅಂತ ನಾವು ಕಲಿತದ್ದು ಮೊನ್ನೆ ಮೊನ್ನೆ. ಕಲಿಸಿದವನು ಬ್ರಿಟಿಷ್ ಸಾಹೇಬ.

ಅದೇ ಸಾಹೇಬ 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಅಂತ ಕಾನೂನು ಮಾಡಿ, ಅದರ ಎರಡನೇ ಭಾಗದಲ್ಲಿ, ತಾನು 'ಯೂನಕ್' ಅಂತ ಹೆಸರಿಟ್ಟು ರಿಜಿಸ್ಟರಿನಲ್ಲಿ ಬರೆದುಕೊಂಡವರು ಹೆಂಗಸಿನ ಉಡುಪು, ಒಡವೆ ಹಾಕಿಕೊಂಡು ಬೀದಿಯಲ್ಲಿ ಕಂಡರೆ ವಾರಂಟ್ ಇಲ್ಲದೆ ಹಿಡಿಯಬಹುದು, ಎರಡು ವರ್ಷದವರೆಗೆ ಜೈಲಿಗೆ ಹಾಕಬಹುದು ಎಂದು ಬರೆದ. ಉತ್ತರ ಭಾರತದ ಪ್ರಾಂತ್ಯಗಳಿಗೆ ಮಾಡಿದ ಕಾನೂನು ಅದು. ಸಾಹೇಬ ಹೋದ, ಕಾನೂನೂ ಹೋಯಿತು. ಅವನ ಕಣ್ಣು ಮಾತ್ರ ನಮ್ಮ ಮುಖದಲ್ಲಿ ಉಳಿದುಕೊಂಡಿದೆ. ಅದನ್ನೇ ಈಗ ನಾವು ಸಂಸ್ಕೃತಿ ಅಂತ ಕರೀತಿದೀವಿ.

ನಮ್ಮ ಜಿಲ್ಲೆಯ ಮಾತನ್ನೇ ತೆಗೆದುಕೊಳ್ಳಿ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿಯ ಹೆಸರು ಹೇಳಿದರೆ ಈಗಲೂ ನಮ್ಮ ಎದೆ ಉಬ್ಬುತ್ತೆ. ಆ ಕಾಲದ ಕಂಪನಿ ನಾಟಕಗಳಲ್ಲಿ ಹೆಣ್ಣಿನ ಪಾತ್ರಕ್ಕೆ ಸೀರೆಯುಟ್ಟು ಬರುತ್ತಿದ್ದವರು ಗಂಡಸರೇ. ನಮ್ಮ ಹಳ್ಳಿಗಳ ಮೂಡಲಪಾಯದಲ್ಲೂ ಹಾಗೇ. ಪಕ್ಕದ ಮಹಾರಾಷ್ಟ್ರದ ಬಾಲಗಂಧರ್ವರು ರಂಗದ ಮೇಲೆ ಸೀರೆ ಉಡುತ್ತಿದ್ದ ರೀತಿಯನ್ನು ಮನೆತನಸ್ಥ ಹೆಂಗಸರು ನೋಡಿ ಕಲಿಯುತ್ತಿದ್ದರು. ಸರ್ಕಾರ ಆ ಮಹಾನುಭಾವರಿಗೆ 1964ರಲ್ಲಿ ಪದ್ಮಭೂಷಣ ಕೊಟ್ಟಿತು.

ಬೆಂಗಳೂರು ಕರಗಕ್ಕೆ ನಮ್ಮೂರಿಂದ ಎಷ್ಟು ಜನ ಹೋಗುವುದಿಲ್ಲ? ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆ ಧರ್ಮರಾಯನ ಗುಡಿಯಿಂದ ಕರಗ ಹೊತ್ತು ಹೊರಡುವವರು ಯಾರು? ಒಬ್ಬ ಗಂಡಸು. ಅವರ ಮೈಮೇಲೆ ಏನಿರುತ್ತೆ? ಅರಿಶಿನದ ಬಣ್ಣದ ಸೀರೆ, ಕೈತುಂಬ ಬಳೆ, ಕೊರಳಲ್ಲಿ ತಾಳಿ. ದ್ರೌಪದಮ್ಮ ಎಂದು ಲಕ್ಷ ಜನ ಮಲ್ಲಿಗೆ ಹೂ ಎರಚಿ ಕೈ ಮುಗೀತಾರೆ.

'ಅದು ದೇವರ ಕಾರ್ಯ ಸ್ವಾಮಿ, ಅದು ನಾಟಕ ಸ್ವಾಮಿ, ಬಸ್ ಸ್ಟಾಂಡಿಗೆ ಯಾಕೆ ತರ್ತೀರಿ?' ಎಂದು ಸ್ನೇಹಿತರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಕರಗ ಹೊರುವವರ ವ್ರತವೇ ಬೇರೆ, ನಟನ ವೃತ್ತಿಯೇ ಬೇರೆ, ಈ ಹುಡುಗನ ಆಸೆಯೇ ಬೇರೆ; ಮೂರನ್ನೂ ಒಂದೇ ತಕ್ಕಡಿಗೆ ಹಾಕುವಷ್ಟು ದಡ್ಡ ನಾನಲ್ಲ. ನಾನು ಕೇಳೋದು ಇಷ್ಟೇ: ಗಂಡಸಿನ ಕೈಯಲ್ಲಿ ಬಳೆ ಅನ್ನೋದೇ ಹೊಲಸು ಆಗಿದ್ದರೆ ಅದು ದೇವರ ಎದುರಿಗೆ ಹೋಗುತ್ತಿತ್ತೇ? ದೇವರಿಗೆ ಆಗಿಬರುವ ಬಳೆ ಕಾಲೇಜಿನ ಗೇಟಿನವನಿಗೆ ಯಾಕೆ ಆಗಿಬರಲಿಲ್ಲ? ನೇಯ್ಗೆ ಮಾಡಿ ಬದುಕಿದ ಜೇಡರ ದಾಸಿಮಯ್ಯನವರು ಗಂಡು ಹೆಣ್ಣಿನ ಗುರುತೆಲ್ಲ ಹೊರಗಿನದು, ಒಳಗಿನದಕ್ಕೆ ಆ ಲೆಕ್ಕವಿಲ್ಲ ಎಂದು ಯಾವ ಕಾಲದಲ್ಲೋ ಹೇಳಿ ಹೋದರು. ಬಟ್ಟೆ ನೇಯುವವರಿಗೇ ಬಟ್ಟೆ ಎಷ್ಟು ತೆಳು ಅನ್ನೋದು ಗೊತ್ತು.

ಅವಳು ಪ್ಯಾಂಟು ಹಾಕಿದರೆ ಭೇಷ್

ಈಗ ಇದೇ ಮಾತನ್ನು ತಿರುಗಿಸಿ ನೋಡೋಣ. ಹೆಂಗಸರು ಗಂಡಸರ ಉಡುಪು ಹಾಕಿದರೆ ನಾವೇನಂತೀವಿ? ನಾನು ಓದುತ್ತಿದ್ದಾಗ ಪ್ಯಾಂಟು ಹಾಕಿದ ಹುಡುಗಿ ಅಶೋಕ ರಸ್ತೆಯಲ್ಲಿ ನಡೆದರೆ ಅಂಗಡಿಯವರು ತಕ್ಕಡಿ ಬಿಟ್ಟು ನೋಡುತ್ತಿದ್ದರು. ಈಗ ಅದೇ ಅಂಗಡಿಯವರ ಮೊಮ್ಮಗಳು ಜೀನ್ಸ್ ಹಾಕ್ಕೊಂಡು ಗಲ್ಲಾಪೆಟ್ಟಿಗೆಯಲ್ಲಿ ಕೂರುತ್ತಾಳೆ; ತಾತನಿಗೆ ಹೆಮ್ಮೆ. 2018ರಲ್ಲಿ ನೀಲಮಣಿ ರಾಜು ಅವರು ರಾಜ್ಯ ಪೊಲೀಸಿನ ಮುಖ್ಯಸ್ಥೆಯಾಗಿದ್ದಾಗ ಮಹಿಳಾ ಪೊಲೀಸರಿಗೆ ಖಾಕಿ ಸೀರೆ ಬೇಡ, ಷರ್ಟು ಪ್ಯಾಂಟು ಎಂದು ಆದೇಶವಾಯಿತು. ಕಳ್ಳನ ಹಿಂದೆ ಓಡೋಕೆ ಅನುಕೂಲ ಅಂದರು, ಎಲ್ಲರೂ ಒಪ್ಪಿದೆವು. ಮೈಸೂರಿನ ಆರ್. ನಾಗರತ್ನಮ್ಮನವರು ಹೆಂಗಸರದ್ದೇ ನಾಟಕ ಮಂಡಳಿ ಕಟ್ಟಿ, ಮೀಸೆ ಅಂಟಿಸಿ, ಗದೆ ಹಿಡಿದು ರಂಗವನ್ನೇ ನಡುಗಿಸಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಭೇಷ್ ಅಂದೆವು. ಅನ್ನಲೇಬೇಕಾದದ್ದೇ.

ಹೆಣ್ಣು ಗಂಡಿನ ಬಟ್ಟೆ ಹಾಕಿದರೆ ಮೇಲಕ್ಕೆ ಬಂದಳು ಅಂತೀವಿ. ಗಂಡು ಹೆಣ್ಣಿನ ಒಂದೇ ಒಂದು ಬಳೆ ಹಾಕಿದರೆ ಕೆಳಕ್ಕೆ ಬಿದ್ದ ಅಂತೀವಿ. ಯಾಕೆ ಸ್ವಾಮಿ? ಬಟ್ಟೆ ಅದಲುಬದಲಾದದ್ದೇ ತಪ್ಪಾದರೆ ಇಬ್ಬರದ್ದೂ ತಪ್ಪಾಗಬೇಕಿತ್ತು. ಹಾಗಾಗಲಿಲ್ಲ. ಅಂದಮೇಲೆ ನಮ್ಮ ಸಿಟ್ಟು ಇರೋದು ಆ ಹುಡುಗನ ಮೇಲಲ್ಲ. ಹೆಣ್ಣು ಅಂದರೆ ಕೆಳಗಿನವಳು ಅನ್ನೋ ಲೆಕ್ಕ ನಮ್ಮ ತಲೆಯಲ್ಲಿ ಭದ್ರವಾಗಿ ಕೂತಿದೆ. ಆ ಹುಡುಗ ಪಾಪ, ಕೇಳದೆಯೇ ಆ ಲೆಕ್ಕದ ಪುಸ್ತಕ ತೆಗೆದು ತೋರಿಸಿಬಿಟ್ಟ. ಅದಕ್ಕೇ ಉರಿ.

ಸಾಕ್ಷಿ ಬೇಕೇ? ನಮ್ಮ ಮಾತೇ ಸಾಕು. 'ನಾನೇನು ಕೈಗೆ ಬಳೆ ತೊಟ್ಟಿಲ್ಲ' ಅಂತ ಚುನಾವಣೆ ಭಾಷಣದಲ್ಲಿ ಎಷ್ಟು ಸಲ ಕೇಳಿಲ್ಲ? ನೀರು ಬರಲಿಲ್ಲ, ರಸ್ತೆ ಆಗಲಿಲ್ಲ ಅಂದರೆ ಕಛೇರಿ ಮುಂದೆ ತಟ್ಟೆಯಲ್ಲಿ ಬಳೆ, ಅರಿಶಿನ, ಕುಂಕುಮ, ಸೀರೆ ಇಟ್ಟು ಅಧಿಕಾರಿಗೆ ಕೊಡೋ ಚಳವಳಿ ಯಾವ ಪಕ್ಷ ಮಾಡಿಲ್ಲ? ಅದರಲ್ಲಿ ಮುಂದೆ ನಿಂತು ತಟ್ಟೆ ಹಿಡಿಯೋರು ಹೆಂಗಸರೇ, ಅದು ಇನ್ನೂ ದೊಡ್ಡ ದುರಂತ. ಆ ಫೋಟೋ ಮೊದಲ ಪುಟದಲ್ಲಿ ಹಾಕಿ, ಕೆಳಗೆ ಕಟಕಿ ಶೀರ್ಷಿಕೆ ಬರೆದವನು ನಾನೇ, ಒಂದು ಸಲವಲ್ಲ, ಹತ್ತು ಸಲ. ಬೆಳಗ್ಗೆ ಐದಕ್ಕೆದ್ದು ನೀರು ಹೊತ್ತು, ಮಕ್ಕಳನ್ನು ಕಳಿಸಿ, ಗಾರ್ಮೆಂಟ್ಸಿಗೆ ಹೋಗಿ ದುಡಿದು ಬರುವ ಕೈಗಳಲ್ಲಿ ಇರೋದು ಬಳೆಯೇ ಅಲ್ಲವೇ? ಆ ಕೈ ಸೋಮಾರಿ ಅಧಿಕಾರಿಯ ಗುರುತು ಹೇಗಾಯಿತು? ಸಂಜೆ ಈ ಪತ್ರಿಕೆ ಓದುವ ನನ್ನ ಹೆಂಡತಿ ಆ ಫೋಟೋ ನೋಡಿ ಏನೂ ಅನ್ನುತ್ತಿರಲಿಲ್ಲ. ಏನೂ ಅನ್ನದೆ ಪುಟ ತಿರುಗಿಸುತ್ತಿದ್ದುದು ಯಾಕೆ ಅಂತ ಈಗ ಅರ್ಥವಾಗುತ್ತಿದೆ.

ಕಾನೂನು ಏನನ್ನುತ್ತೆ

ಶಿಸ್ತು ಅನ್ನುವವರಿಗೂ ಒಂದು ಮಾತು. ಕಾಲೇಜಿಗೆ ಯೂನಿಫಾರಂ ಇದ್ದರೆ ಎಲ್ಲರೂ ಹಾಕಲಿ, ಅವನೂ ಹಾಕಲಿ, ಹಾಕ್ತೀನಿ ಅಂತಲೇ ಹೇಳ್ತಾನೆ. ಆ ಕಾಲೇಜಿನಲ್ಲಿ ಡಿಗ್ರಿಗೆ ಯೂನಿಫಾರಂ ಇಲ್ಲ. ಹುಡುಗಿಯರು ಹಚ್ಚುವ ಕಾಡಿಗೆಯಿಂದ ಕೆಡದ ಶಿಸ್ತು ಹುಡುಗ ಹಚ್ಚಿದ ಕೂಡಲೇ ಕೆಟ್ಟರೆ ಅದನ್ನು ಶಿಸ್ತು ಅನ್ನಬಾರದು.

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ಒಂದು ದೊಡ್ಡ ತೀರ್ಪು ಕೊಟ್ಟಿತು. ತೃತೀಯ ಲಿಂಗಿಗಳ ಹಕ್ಕಿನ ಮೊಕದ್ದಮೆ ಅದು. ಅದರಲ್ಲೇ, ಉಡುಪು ಕೂಡ ಮನುಷ್ಯ ತನ್ನನ್ನು ತಾನು ಹೇಳಿಕೊಳ್ಳುವ ಒಂದು ಬಗೆ, ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದಲ್ಲಿ ಅದೂ ಸೇರುತ್ತೆ, ಆ ವಿಧಿಯೇ ಒಪ್ಪುವ ಮಿತಿ ಬಿಟ್ಟು ಬೇರೆ ನಿರ್ಬಂಧ ಹಾಕುವಂತಿಲ್ಲ ಎಂದಿದೆ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದಾಗ, 2021ರಲ್ಲಿ ಪದ್ಮಶ್ರೀ ಪಡೆದಾಗ ನಾವೇ ಸಂಪಾದಕೀಯ ಬರೆದು ಚಪ್ಪಾಳೆ ತಟ್ಟಿದ್ದೆವು. ಅವರ ಬದುಕು ಬೇರೆ, ಈ ಹುಡುಗನದು ಬೇರೆ. ಆದರೆ ದಿಲ್ಲಿಯಲ್ಲಿ ಪ್ರಶಸ್ತಿ ಬಂದಾಗ ಮಾತ್ರ ತೆರೆದುಕೊಳ್ಳುವ ನಮ್ಮ ಮನಸ್ಸು, ಬಿ.ಎಚ್. ರಸ್ತೆಯಲ್ಲಿ ಸೈಕಲ್ ತುಳಿದು ಬರುವ ಹುಡುಗನಿಗೆ ಬಾಗಿಲು ಹಾಕಿದರೆ ಆ ಚಪ್ಪಾಳೆಗೆ ಬೆಲೆಯೇನು?

ಆ ಕಾಲೇಜಿನ ಪ್ರಿನ್ಸಿಪಾಲರಿಗೆ ನಮ್ಮ ವಿನಂತಿ ಒಂದೇ. ಹಾಲ್ ಟಿಕೆಟ್ ಇರುವ ವಿದ್ಯಾರ್ಥಿಯನ್ನು ಮುಖ ನೋಡಿ ಗೇಟಿನಲ್ಲಿ ತಡೆಯಬೇಡಿ. ವೀಡಿಯೋ ತೆಗೆದು ಹಂಚಿದವರನ್ನು ಕರೆಸಿ ಬುದ್ಧಿ ಹೇಳಿ. ಸ್ಟೇಷನ್ನಿನವರಿಗೆ: ಶಿಳ್ಳೆ ಹೊಡೆದವನನ್ನು ಬಿಟ್ಟು ಹೊಡೆಸಿಕೊಂಡವನನ್ನು 'ಯಾಕಪ್ಪಾ ಹೀಗೆ ಬರ್ತೀಯ' ಎಂದು ಕೇಳುವ ಚಾಳಿ ಬಿಡಿ. ಹುಡುಗನಿಗೂ ಒಂದು ಮಾತು: ಊರು ಒಂದೇ ದಿನಕ್ಕೆ ಬದಲಾಗಲ್ಲ ಕಣಪ್ಪಾ. ಕತ್ತಲಾದ ಮೇಲೆ ಒಬ್ಬನೇ ಓಡಾಡಬೇಡ, ಜೊತೆಗೆ ಸ್ನೇಹಿತರಿರಲಿ, ದುಪಟ್ಟಾ ಗಂಟು ಹಾಕ್ಕೊಂಡೇ ಸೈಕಲ್ ತುಳಿ. ಅಪ್ಪನ ಮೇಲೆ ಸಿಟ್ಟು ಇಟ್ಕೋಬೇಡ. ಇಷ್ಟವಿಲ್ಲದಿದ್ದರೂ ನಿನಗೋಸ್ಕರ ನಮ್ಮ ಮೆಟ್ಟಿಲು ಹತ್ತಿ ಬಂದವರು ಅವರೊಬ್ಬರೇ.

ನಮ್ಮ ಪತ್ರಿಕೆಯ ಮಟ್ಟಿಗೆ ಎರಡು ತೀರ್ಮಾನ. ಆ ನಾಲ್ಕು ಸಾಲನ್ನು ವಾಪಸ್ಸು ತೆಗೆದುಕೊಂಡಿದ್ದೇವೆ, ಹುಡುಗನ ಮತ್ತು ಅವನ ಮನೆಯವರ ಕ್ಷಮೆ ಕೇಳಿದ್ದೇವೆ. ಅಂದು ಮೂಲೆಯಲ್ಲಿ ಗೀಚಿದ್ದನ್ನು ಇಂದು ಇಡೀ ಅಂಕಣದಲ್ಲಿ ತಿದ್ದುತ್ತಿದ್ದೇವೆ. ಎರಡನೆಯದು, ಯಾವ ಪಕ್ಷದವರೇ ಆಗಲಿ, ಬಳೆ ಸೀರೆ ಕೊಟ್ಟು ಹಂಗಿಸುವ ಪ್ರತಿಭಟನೆ ಮಾಡಿದರೆ ಅವರ ಬೇಡಿಕೆ ಅಚ್ಚಾಗುತ್ತೆ, ಬಳೆಯ ಫೋಟೋ ಅಚ್ಚಾಗಲ್ಲ.

ಸೋಮವಾರ ಪರೀಕ್ಷೆ ಶುರು. ಹೋಗ್ತೀಯೇನಪ್ಪಾ ಅಂತ ನಿನ್ನೆ ಕೇಳಿದೆ. 'ನೋಡ್ತೀನಿ ಸಾರ್' ಅಂದ. ಕಾಡಿಗೆ ಹಚ್ಚಿ ಹೋಗ್ತೀಯೋ ಹಚ್ಚದೆ ಹೋಗ್ತೀಯೋ ಅಂತ ಕೇಳಲಿಲ್ಲ, ಅದು ಅವನಿಗೆ ಬಿಟ್ಟದ್ದು. ಅಪ್ಪ ಅಂದು ಬೆಳಗ್ಗೆ ಅಂಗಡಿ ಬಾಗಿಲು ತಡವಾಗಿ ತೆಗೆದು, ಗೇಟಿನ ತನಕ ಜೊತೆಗೆ ಹೋಗ್ತಾರಂತೆ. ಒಂಬತ್ತೂವರೆಗೆ ನಾನೂ ಆ ಗೇಟಿನ ಹತ್ತಿರ ಇರ್ತೀನಿ. ಹೋಟೆಲಿನಲ್ಲಿ ನನ್ನ ಕಾಫಿ ದುಡ್ಡು ಕೊಟ್ಟ ಆ ನಾಲ್ಕು ಮಹನೀಯರೂ ಬಂದರೆ ಸಂತೋಷ. ಈ ಸಲ ಕಾಫಿ ನನ್ನದು.